ಪರದೆಯಾಚೆಯ ಎಡೆ

ಹಾಲುಕೋಟೆಯ ಅರಮನೆಗೆ ಸಾವಿರ ಬಾಗಿಲುಗಳಿದ್ದವು, ಅಷ್ಟನ್ನೂ ಈ ಕತೆ ಹೇಳುವವನ ಮುತ್ತಾತಂದಿರೇ ಕಾಯುತ್ತಿದ್ದರು. ಸುಳ್ಳು. ಬಾಗಿಲಿದ್ದದ್ದು ಏಳು, ಮುತ್ತಾತಂದಿರನ್ನು ಒಂದರಲ್ಲೂ ಒಳಗೆ ಬಿಡುತ್ತಿರಲಿಲ್ಲ. ಆದರೆ ಸೂರ್ಯ ಮುಳುಗುವಾಗ ಆ ಕೋಟೆಯ ಕೆಂಗಲ್ಲಿನ ಬುರುಜುಗಳು ಕೆಂಡದಂತೆ ಹೊಳೆಯುತ್ತಿದ್ದುದೂ, ನಗಾರಿಯ ಕೊನೆಯ ಪೆಟ್ಟಿಗೆ ರಾಜಬೀದಿಯ ಹೂವಾಡಿಗರು, ಕಂಚುಗಾರರು, ರಾವುತರು ಮಾತು ನಿಲ್ಲಿಸಿ ಅರಮನೆಯತ್ತ ಕಿವಿಗೊಡುತ್ತಿದ್ದುದೂ ನಿಜ. ಆ ಹೊತ್ತಿಗೆ ದೊರೆ ನರಳುತ್ತಿದ್ದ.

ದೊರೆ ಮಲ್ಲಭೂಪನಿಗೆ ಹೊಟ್ಟೆಯುಬ್ಬರ. ನಗಬೇಡಿ. ಉಬ್ಬಿದ ಹೊಟ್ಟೆಯೊಳಗೆ ಯಾರೋ ಕರುಳನ್ನು ಹಗ್ಗದಂತೆ ಹೊಸೆಯುತ್ತಿರುವರೆಂದು ಅವನು ಹಾಸಿಗೆಯಲ್ಲಿ ಹೊರಳುತ್ತಿದ್ದ. ಆ ಯಾರೋ ತನ್ನಣ್ಣನೆಂದು ಅವನ ದೃಢ ನಂಬಿಕೆ. ಗಡಿಯ ಯುದ್ಧದಲ್ಲಿ ಆಗ ಅರಸನಾಗಿದ್ದ ಅಣ್ಣ ಸೋಮಭೂಪ ನೆರವಿಗೆ ಕಾಯುತ್ತ ಮಡಿದಿದ್ದ; ತಮ್ಮನ ಸೈನ್ಯ ಒಂದು ದಿನ ತಡವಾಗಿ ಮುಟ್ಟಿತ್ತು.

ರಾಜವೈದ್ಯ ಪಾಯಣ ಪಂಡಿತನಿಗೆ ಮಾತ್ರ ಬೇರೆಯೇ ಕಾರಣ ಕಾಣುತ್ತಿತ್ತು. ಅರಸ ಮಡಿದ ಮೇಲೆ ಪಟ್ಟಕ್ಕೆ ಬಂದವನು ಒಂದು ವರ್ಷ ದಿನಕ್ಕೊಂದೇ ಬಾರಿ, ಸಂಜೆ, ಪರದೆಯಾಚೆ ಸತ್ತವನ ಮಣೆಯ ಮುಂದೆ ಎಡೆಯಿಡಿಸಿ ಉಣ್ಣಬೇಕು. ತನ್ನದು ಮುಗಿಸಿ ಎಡೆಯನ್ನೂ ತರಿಸಿಕೊಂಡು ಅಗುಳು ಬಿಡದೆ ತೀರಿಸಬೇಕು. ಅದು ಆ ವಂಶದ ಕಟ್ಟಳೆ. ಸತ್ತವನಿಗೆ ಪ್ರಿಯವೆಂದು ಪ್ರಧಾನಿ ತಿಪ್ಪರಸ ಅವರೆಕಾಳಿನ ಹುಳಿ, ಹಲಸಿನ ಬೀಜದ ಪಲ್ಯ, ಕಡಲೆಯ ಉಸಲಿಗಳನ್ನು ರಾಶಿರಾಶಿ ಬಡಿಸುತ್ತಿದ್ದ. ಇಬ್ಬರ ಊಟವನ್ನು ದೊರೆ ಹೆದರಿಕೆಯಿಂದ ಅಗಿಯದೆ ನುಂಗಿ, ಕೈತೊಳೆದವನೇ ಮುಸುಕೆಳೆದು ಮಲಗುತ್ತಿದ್ದ.

"ಓಮ, ಶುಂಠಿ, ಚಿಟಿಕೆ ಇಂಗು, ಬೆಚ್ಚನೆಯ ನೀರಲ್ಲಿ ಸೇವಿಸಬೇಕು ಪ್ರಭು," ಎಂದು ಪಂಡಿತ ಬೇಡುತ್ತಿದ್ದ. "ತುತ್ತು ಅಗಿದು ನುಂಗಬೇಕು. ಉಂಡೊಡನೆ ಮಲಗದೆ ಅಂಗಳದಲ್ಲಿ ಅಡ್ಡಾಡಬೇಕು. ಕಾಳು ಬಿಟ್ಟು ಜೀರಿಗೆಯ ತಿಳಿಮಜ್ಜಿಗೆ ಕುಡಿಯಬೇಕು."

"ಅಣ್ಣನ ಎಡೆಯನ್ನು ಬಿಡುವುದು ಹೇಗೆ ಪಂಡಿತರೇ? ಒಮ್ಮೆ ಬಿಟ್ಟದ್ದು ಸಾಲದೆ?"

ಹೊರಬಂದರೆ ತಿಪ್ಪರಸ ನಗುತ್ತ ನಿಂತಿರುತ್ತಿದ್ದ. "ಏನು ಪಂಡಿತರೇ, ನಿಮ್ಮ ಓಮದ ಕಾಳಿಗೆ ಪ್ರೇತ ಅಂಜಿತೆ?"

"ಪ್ರೇತವಿರುವುದು ತಾವು ಬಡಿಸುವ ಅವರೆಕಾಳಿನಲ್ಲಿ, ಪ್ರಧಾನರೇ."

ತಿಪ್ಪರಸನ ನಗು ಆರಿತು. ವರ್ಷಾಂತ್ಯದ ಒಡ್ಡೋಲಗದಲ್ಲಿ ದೊರೆ ನೋವಿನಿಂದ ಪೀಠಬಿಟ್ಟೆದ್ದರೆ, ಪ್ರೇತ ಹಿಡಿದವನೆಂದು ಸಾರಿ ರಾಜ್ಯಭಾರವನ್ನು ತಾನೇ ವಹಿಸಿಕೊಳ್ಳುವುದು ಅವನ ಹೂಟ. ಒಡ್ಡೋಲಗಕ್ಕೆ ನಲವತ್ತೇ ದಿನ ಉಳಿದಿತ್ತು.

ಅಂದೇ ಸಂಜೆ ಪಂಡಿತ ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ, ಪರದೆಯಾಚೆಯ ಎಡೆಯನ್ನು ಗುಟ್ಟಾಗಿ ತಾನೇ ಉಣ್ಣುವೆನೆಂದ. ಬಾಣಸಿ ಹೊನ್ನಕ್ಕ ಹಣೆ ಚಚ್ಚಿಕೊಂಡಳು. "ಸತ್ತವರ ಮಣೆಯೇರಿ ಎಡೆ ಉಂಡವನನ್ನು ಸತ್ತವನೆಂದೇ ಎಣಿಸ್ತಾರೆ, ಪಂಡಿತರೇ! ತೆಂಕಣ ಬಾಗಿಲಿಂದ ಅಟ್ಟಿದರೆ ಆಮೇಲೆ ಯಾರೂ ಒಂದು ತಂಬಿಗೆ ನೀರೂ ಕೊಡೋದಿಲ್ಲ."

"ಮೊದಲು ಉಣ್ಣಲು ಬಿಡು, ತಾಯಿ. ನಿನ್ನ ಹುಳಿ ಚೆನ್ನಾಗಿದ್ದರೆ ನೀರು ಬೇಕಾಗದು."

ಪರದೆಯಾಚೆ ಅವನು ಉಸಿರು ಬಿಗಿಹಿಡಿದು ಎಲ್ಲವನ್ನೂ ತಿಂದ. ತನ್ನ ಊಟ ಮುಗಿಸಿದ ದೊರೆ ತರಿಸಿ ನೋಡಿದರೆ ಎಲೆ ಬರಿದು. "ಅಣ್ಣ ಉಂಡ," ಎಂದು ಅವನು ಗದ್ಗದನಾದ. "ಅಣ್ಣ ನನ್ನನ್ನು ಕ್ಷಮಿಸಿದ!"

ಅಂದಿನಿಂದ ದೊರೆ ಒಂದೇ ಎಲೆಯನ್ನು ನಿಧಾನವಾಗಿ ಉಂಡ, ಇಂಗು ಬೆರೆತ ಮಜ್ಜಿಗೆ ಕುಡಿದ, ಅಂಗಳದಲ್ಲಿ ಅಡ್ಡಾಡಿದ. ಉಬ್ಬರವಿಳಿಯಿತು, ನುಲಿತ ನಿಂತಿತು. ಇತ್ತ ಪಂಡಿತನ ಹೊಟ್ಟೆ ಡೊಳ್ಳಾಗಿ, ತನ್ನ ಓಮವನ್ನು ತಾನೇ ಮುಕ್ಕತೊಡಗಿದ. ಅದಕ್ಕವನು ಬೆದರಲಿಲ್ಲ. ದಿನ ಕಳೆದಂತೆ ಬೆನ್ನ ಹಿಂದೆ ಯಾರೋ ತನ್ನ ಸರದಿಗಾಗಿ ಕಾಯುತ್ತಿರುವಂತೆ ಉಸಿರು ಕೇಳಿಸುತ್ತಿತ್ತು. ಅದಕ್ಕೆ ಮಾತ್ರ ಯಾವ ಗ್ರಂಥದಲ್ಲೂ ಔಷಧವಿರಲಿಲ್ಲ.

ನಲವತ್ತನೆಯ ಸಂಜೆ ಅವನು ಪರದೆ ಸರಿಸುವಷ್ಟರಲ್ಲಿ ಎಲೆ ಬರಿದಾಗಿತ್ತು. ಬೆರಳಿಂದ ಒರೆಸಿ ತಿಂದಷ್ಟು ಬರಿದು. ಹೊನ್ನಕ್ಕ ಈಗಷ್ಟೇ ಬಡಿಸಿ ಹೋಗಿದ್ದಳು. ಅವನು ಮಣೆಯನ್ನು ಮುಟ್ಟಿದ. ಬೆಚ್ಚಗಿತ್ತು.

ಮರುದಿನ ಒಡ್ಡೋಲಗದಲ್ಲಿ ಮಲ್ಲಭೂಪ ಮೂರು ಜಾವ ಕದಲದೆ ಕುಳಿತ. ಸಂತೋಷ ತಡೆಯದೆ ಅವನೇ ನುಡಿದುಬಿಟ್ಟ: "ಪ್ರಜೆಗಳೇ, ನಲವತ್ತು ದಿನಗಳಿಂದ ನಮ್ಮಣ್ಣನವರೇ ಬಂದು ಎಡೆ ಸ್ವೀಕರಿಸುತ್ತಿದ್ದಾರೆ!"

ತಿಪ್ಪರಸ ಒಡನೆಯೇ ಎದ್ದ. "ಕೇಳಿದಿರಾ? ಪ್ರೇತದೊಡನೆ ಪಂಕ್ತಿಯಲ್ಲಿ ಕುಳಿತವನು ಪೀಠದಲ್ಲಿ ಕೂರಬಹುದೆ?"

ಸಭೆ ಕಲಕಿತು. ದೊರೆಯ ಕೈ ತಂತಾನೇ ಹೊಟ್ಟೆಗೆ ಹೋಯಿತು. ಪಾಯಣ ಪಂಡಿತ ಮುಂದೆ ಬಂದು ಉತ್ತರೀಯವನ್ನು ನೆಲಕ್ಕೆ ಹಾಕಿದ.

"ಪ್ರೇತವಲ್ಲ. ಎಡೆ ಉಂಡವನು ನಾನು. ದೊರೆಗಳು ಅರಿಯರು. ಅವರ ಕಾಯಿಲೆ ಅಜೀರ್ಣ, ಈಗ ವಾಸಿಯಾಗಿದೆ. ಬೇಕಾದರೆ ನನ್ನ ಹೊಟ್ಟೆ ನೋಡಿ."

ಯಾರೂ ನಗಲಿಲ್ಲ. ಹೊನ್ನಕ್ಕ ಕಂಬದ ಹಿಂದೆ ಬಿಕ್ಕಿದ್ದೇ ಸಾಕ್ಷಿಯಾಯಿತು. ತಿಪ್ಪರಸನ ಮಾತು ಬಿದ್ದುಹೋಯಿತು, ಪೀಠ ಉಳಿಯಿತು, ಕಟ್ಟಳೆಯೂ ಉಳಿಯಿತು.

ತೆಂಕಣ ಬಾಗಿಲಲ್ಲಿ ತಲೆ ಬೋಳಿಸಿಕೊಂಡು ನಿಂತ ಪಂಡಿತನ ಬಳಿಗೆ ದೊರೆ ಒಬ್ಬನೇ ಬಂದ. ಸತ್ತವನೊಡನೆ ಮಾತಾಡುವುದು ಅವನಿಗೂ ನಿಷಿದ್ಧ, ಆದರೂ ಕೇಳಿದ.

"ಒಂದು ದಿನವೂ ಅಣ್ಣ ಬರಲಿಲ್ಲವೇ? ನಿನ್ನೆ ಕೂಡ?"

ಪಂಡಿತ ಆ ಮುಖವನ್ನು ನೋಡಿದ. ಬಂದನೆಂದರೆ ದೊರೆಗೆ ಅಣ್ಣನ ಕ್ಷಮೆ ಸಿಕ್ಕೀತು. ಜೊತೆಗೆ, ಪ್ರತಿ ಸಂಜೆಯೂ ಪರದೆಯಾಚೆ ಕಿವಿಗೊಟ್ಟು ಕೂರುವ ಬಾಳೂ.

"ನಿನ್ನೆಯೂ ನಾನೇ, ಪ್ರಭು," ಎಂದ. ಬಾಗಿಲು ದಾಟಿದ. ಮರಳಿನ ಹಾದಿಯಲ್ಲಿ ಅವನ ಹೆಜ್ಜೆಯ ಪಕ್ಕದಲ್ಲೇ ಇನ್ನೊಂದು ಜೊತೆ ಹೆಜ್ಜೆ ಮೂಡಿದ್ದನ್ನು ಕಾವಲುಗಾರರು ಕಂಡರಂತೆ.

ಆ ಕಾವಲುಗಾರರು ಯಾರ ಮುತ್ತಾತಂದಿರೆಂದು ಮಾತ್ರ ಕೇಳಬೇಡಿ; ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ, ಕತ್ತಲಾಗುವ ಮುಂಚೆ ಮನೆ ಸೇರಬೇಕು.