ಧನ್ಯಶ್ರೀಯ ಪ್ರೋಗ್ರಾಮ್

"ಯಾವ ಹಾಡು ಹಾಕ್ಸಾನಮ್ಮ ನಿಂಗೆ?" ಎಂದು ಶಿವಮೂರ್ತಿ ಕೇಳಿದಾಗ ಧನ್ಯಶ್ರೀಗೆ ತಲೆಬುಡ ಅರ್ಥವಾಗಲಿಲ್ಲ.

ತಿಪಟೂರಿನಲ್ಲಿ ನಡೆಯುತ್ತಿದ್ದ ಮಹಿಳಾ ಕಂಪ್ಯೂಟರ್ ಸಮ್ಮೇಳನಕ್ಕೆ ಶಿವಮೂರ್ತಿಯೇ ಸಂಚಾಲಕರು. ಅವರ ಕೈಯಲ್ಲಿದ್ದ ಚೀಟಿಯಲ್ಲಿ "ಧನ್ಯಶ್ರೀ, ಆರನೇ ಕ್ಲಾಸು, ಹಾಲ್ಕುರಿಕೆ, ಪ್ರೋಗ್ರಾಮ್" ಎಂದಿತ್ತು. ಪ್ರೋಗ್ರಾಮ್ ಅಂದಮೇಲೆ ಡ್ಯಾನ್ಸ್ ತಾನೇ! ನಮ್ಮ ಕಡೆ ಗಣಪತಿ ಕೂರಿಸುವುದರಿಂದ ಹಿಡಿದು ಸ್ಕೂಲ್ ಡೇವರೆಗೆ ಹುಡುಗಿಯರ ಪ್ರೋಗ್ರಾಮ್ ಎಂದರೆ ಅದೇ.

ಧನ್ಯಶ್ರೀಯ ಪ್ರೋಗ್ರಾಮ್ ಇದ್ದದ್ದು ಪೆನ್‌ಡ್ರೈವ್‌ನಲ್ಲಿ. ಅವಳೇ ಶಾಲೆಯ ಕಂಪ್ಯೂಟರಿನಲ್ಲಿ ಮಾಡಿದ ಆಟ ಅದು. ಮರದಿಂದ ತೆಂಗಿನಕಾಯಿಗಳು ಬೀಳುತ್ತವೆ, ಕುಕ್ಕೆಯಲ್ಲಿ ಹಿಡಿಯಬೇಕು. ತಪ್ಪಿದರೆ ಅಜ್ಜಿ ಲಕ್ಷ್ಮಕ್ಕನ ದನಿ "ಕಣ್ ಎಲ್ಲಿಟ್ಟಿದ್ಯೇ?" ಎಂದು ಬೈಯುತ್ತದೆ. ಸಮ್ಮೇಳನಕ್ಕೆ ಬರುವ ಇಂಜಿನಿಯರ್ ಮೇಡಂಗಳಿಗೆ ಅದನ್ನು ತೋರಿಸಬೇಕೆಂಬ ಆಸೆಯಲ್ಲಿ ವಾರದಿಂದ ಅವಳಿಗೆ ಊಟವೇ ಸೇರಿರಲಿಲ್ಲ.

"ನಂದು ಡ್ಯಾನ್ಸ್ ಅಲ್ಲ ಸರ್, ಕಂಪ್ಯೂಟರ್ ಪ್ರೋಗ್ರಾಮ್," ಎಂದು ವೇದಿಕೆಯ ಮೇಲಿದ್ದ ಲ್ಯಾಪ್‌ಟಾಪ್ ತೋರಿಸಿದಳು.

"ಅದ್ಕೆ ಪೂಜೆ ಆಗೈತೆ ಕಣಮ್ಮ, ಮುಟ್ಟಂಗಿಲ್ಲ."

ನಿಜ. ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿದ್ದರು. ಆನ್ ಮಾಡುವುದೊಂದನ್ನು ಮರೆತಿದ್ದರು. ಧನ್ಯಶ್ರೀಯನ್ನು ಕರೆತಂದಿದ್ದ ರಾಧಾಮಣಿ ಮಿಸ್ ಸಹಾಯಕ್ಕೆ ಬರೋಣವೆಂದರೆ, ಅವರನ್ನು ಹಿಂದುಗಡೆ ಹೂ ಕಟ್ಟಲು ಕೂರಿಸಿದ್ದರು.

ವೇದಿಕೆಯಲ್ಲಿ ಸಾಲಾಗಿ ಕುಳಿತಿದ್ದ ಗಂಡಸರು ಒಬ್ಬರಾದ ಮೇಲೊಬ್ಬರು ಎದ್ದು, ಹೆಣ್ಣುಮಕ್ಕಳು ಮುಂದೆ ಬರಬೇಕು ಎಂದು ಭಾಷಣ ಬಿಗಿದರು. ಬರಲು ಜಾಗ ಮಾತ್ರ ಯಾರೂ ಬಿಡಲಿಲ್ಲ. ಅವರಲ್ಲೊಬ್ಬರಾದ ಮರುಳಸಿದ್ದಯ್ಯನವರಂತೂ ತಮ್ಮ ಮನೆಯಾಕೆ ವಾಟ್ಸಾಪ್ ಕಲಿತ ಕತೆಯನ್ನೇ ಮುಕ್ಕಾಲು ಗಂಟೆ ಕೊರೆದರು.

ಕೊನೆಗೆ ಮೈಕಿನಲ್ಲಿ ಧನ್ಯಶ್ರೀಯ ಹೆಸರು ಕರೆದರು. ಅವಳು ವೇದಿಕೆ ಹತ್ತಿ ಬಾಯಿ ತೆರೆಯುವುದರೊಳಗೆ ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಅವಳು ಕಂಬದ ಹಾಗೆ ನಿಂತೇ ಇದ್ದಳು. ಹಾಡು ಮುಗಿದಾಗ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಶಿವಮೂರ್ತಿ ಅವಳಿಗೆ "ಉತ್ತಮ ನೃತ್ಯ" ಎಂದು ಬರೆದ ಫಲಕ ಕೊಟ್ಟು ಫೋಟೋ ತೆಗೆಸಿಕೊಂಡರು. ಆಮೇಲೆ ಸಭೆಗೆ ಸಭೆಯೇ ಊಟಕ್ಕೆ ಓಡಿತು.

ಖಾಲಿ ಕುರ್ಚಿಗಳ ನಡುವೆ ಕುಳಿತು ಧನ್ಯಶ್ರೀ ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಅದನ್ನು ಕಂಡು ಒಬ್ಬರು ಹೆಂಗಸು ಹತ್ತಿರ ಬಂದು ಏನಾಯಿತೆಂದು ವಿಚಾರಿಸಿದರು. ಅವರು ತುಮಕೂರಿನಿಂದ ಬಂದಿದ್ದ ಇಂಜಿನಿಯರ್ ಸಿದ್ದಗಂಗಮ್ಮ.

ಅವರು ಎಲ್ಲವನ್ನೂ ಕೇಳಿ, ತಮ್ಮ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಆಟ ಹಾಕಿಸಿಕೊಂಡರು. ಲಕ್ಷ್ಮಕ್ಕನಿಂದ ನಾಲ್ಕಾರು ಸಲ ಬೈಸಿಕೊಂಡು ಬಿದ್ದು ಬಿದ್ದು ನಕ್ಕರು. ಆಡುತ್ತಾ ಆಡುತ್ತಾ ಕಾಯಿಗಳು ಬೇಗ ಬೇಗ ಬೀಳುವ ಹಾಗೆ ಹೇಗೆ ಮಾಡಿದೆ ಎಂದು ಕೇಳಿದರು. ಧನ್ಯಶ್ರೀ ಅಳು ಮರೆತು ಒಂದೇ ಉಸಿರಿಗೆ ವಿವರಿಸಿದಳು. ಆಮೇಲೆ ಅವಳಿಗೊಂದು ಅನುಮಾನ ಬಂತು.

"ನೀವ್ಯಾಕೆ ಮಾತಾಡ್ಲೇ ಇಲ್ಲ ಮೇಡಂ?"

"ಮಾತಾಡಕ್ಕೇ ಬಂದಿದ್ದೆ ಕಣಮ್ಮ. ಆರತಿ ತಟ್ಟೆ ಹಿಡ್ಕಳಿ ಅಂದ್ರು. ಆಮೇಲೆ ಟೈಮಿಲ್ಲ ಅಂದ್ರು."

ಧನ್ಯಶ್ರೀ ಅವರ ಮುಖವನ್ನೇ ನೋಡಿದಳು. ತಾನು ಚಿಕ್ಕವಳಾದ್ದಕ್ಕೆ ಹೀಗಾಯಿತು ಎಂದು ಅವಳು ಇಷ್ಟು ಹೊತ್ತೂ ಅಂದುಕೊಂಡಿದ್ದಳು.

ಕಾಯಿಹೋಳಿಗೆ ಮುಗಿದುಹೋಗುತ್ತದೆ, ಬೇಗ ಬನ್ನಿ ಎಂದು ಹೊರಗಿನಿಂದ ಯಾರೋ ಕರೆದರು. ಅವಳು ಏಳಲಿಲ್ಲ. ಲ್ಯಾಪ್‌ಟಾಪನ್ನು ಮೇಡಂ ಕಡೆಗೆ ತಿರುಗಿಸಿ, ತನ್ನ ಕುರ್ಚಿಯನ್ನು ಅವರೆದುರಿಗೆ ಎಳೆದುಕೊಂಡು ಕುಳಿತಳು.

"ಈಗ ನಿಮ್ದು ಹೇಳಿ ಮೇಡಂ. ನಾನು ಕೇಳ್ತೀನಿ."