ಕೆಂಪಿಗೆ ಬೇರೆ ಅಳತೆ

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ, ಅತ್ತಿಗುಪ್ಪೆಯ ಆ ಮನೆಗೆ ಎಂದಿನಂತೆ ಹಾಲು ಬಂತು. ಮಾಲವಿಕಾ ಕಾಯಿಸಿಟ್ಟಳು. ಆಮೇಲೆ ತೀರಿಕೊಂಡ ಗಂಡ ಮುರುಗೇಶನ ಚೀಲ ತೆರೆದಳು.

ಒಳಗೆ ಬಣ್ಣ ಅಳೆಯುವ ಮೀಟರು. ಅದಕ್ಕೆ ಸುತ್ತಿದ್ದದ್ದು ಅವಳ ಮದುವೆಯ ಕೆಂಪು ಸೀರೆ!

'ಭೈರೇಶನ ಬಟ್ಟೆಗೆ ಬಣ್ಣ ಹಾಕೋ ಯೂನಿಟ್‌ನಲ್ಲಿ ಕಳೆದುಹೋಯ್ತು' ಎಂದಿದ್ದ ಮುರುಗೇಶ. ಅವಳು ನಂಬಿ, ಗಂಡನ ಆ ಗೆಳೆಯನೊಂದಿಗೆ ಆರು ತಿಂಗಳಿಂದ ಮಾತು ಬಿಟ್ಟಿದ್ದಳು.

ಮದುವೆಯ ರವಿಕೆಯನ್ನೇ ತೊಟ್ಟು, ಸೀರೆ ಉಟ್ಟಳು.

"ಇದೇನೇ?" ಅತ್ತೆ ದಾನಮ್ಮ ಬಾಗಿಲಿಗೆ ಅಡ್ಡ ನಿಂತರು. "ತಿಳಿ ಬಣ್ಣದ್ದು ಉಟ್ಕೋ ಅಂದಿದ್ನಲ್ಲ. ಬೀದಿಯೋರು ಏನಂತಾರೆ?"

"ಅನ್ಲಿ ಅತ್ತೆ. ಕೇಳಿಸ್ಕೊಂಡು ಬರ್ತೀನಿ."

ಕಾಮಾಕ್ಷಿಪಾಳ್ಯದ ಯೂನಿಟ್‌ನಲ್ಲಿ ಭೈರೇಶ ಸೀರೆ ನೋಡಿ ಎದ್ದು ನಿಂತ.

"ಕೊಟ್ಟಿದ್ನಾ ಅತ್ತಿಗೆ?"

"ಇಲ್ಲ. ಸಿಕ್ತು. ನೀವು ಕಳೆದ್ರಿ ಅಂದಿದ್ರು."

"ವಾಷಿಂಗ್ ಮಶೀನಿಗೆ ಹಾಕಿ ಬಣ್ಣ ಬಿಡ್ಸಿದ್ದು ಅವ್ನೇ. 'ಬೈಗುಳ ನೀನ್ ತಿನ್ನು ಮಗಾ' ಅಂದ. ತಿಂದೆ." ಭೈರೇಶ ನೆಲ ನೋಡಿದ. "ಭಾನುವಾರ ಭಾನುವಾರ ಬಂದು ಬಣ್ಣ ಹಾಕ್ತಿದ್ದ. ರವಿಕೆಗೂ ಸೀರೆಗೂ ಬಣ್ಣದ ವ್ಯತ್ಯಾಸ ಮೀಟರಲ್ಲಿ ಎರಡೂವರೆಗಿಂತ ಇಳೀಲಿಲ್ಲ. ಒಂದರ ಒಳಗೆ ಬಂದ್ರೆ ಕಣ್ಣಿಗೆ ಕಾಣಲ್ಲ, ಅಲ್ಲೀವರ್ಗೂ ಅವಳಿಗೆ ತೋರ್ಸಲ್ಲ ಅಂತಿದ್ದ. ಕೊನೇಗೆ ಸೋತೆ ಕಣೋ ಅಂದ."

ಸೋತೆ ಎಂದುಕೊಂಡೇ ಹೋದನೇ...

ಹನ್ನೊಂದು ದಿನ ಕಲ್ಲಿನಂತಿದ್ದವಳಿಗೆ ಮೊದಲ ಬಾರಿ ಸಿಟ್ಟು ಬಂತು.

ಎಂಎಸ್ಸಿಯಲ್ಲಿ ಅವಳು ಬಣ್ಣದ ಅಳತೆಯನ್ನೇ ಓದಿದ್ದಳು. ಜೊತೆಗೆ ತಂದಿದ್ದ ಮೀಟರನ್ನು ರವಿಕೆಯ ತೋಳಿಗೆ ಒತ್ತಿದಳು, ಆಮೇಲೆ ಸೆರಗಿಗೆ. 2.5.

"ಇದು ಹಳೇ ಸೂತ್ರ, ಭೈರೇಶ್. ಎಲ್ಲ ಬಣ್ಣಕ್ಕೂ ಒಂದೇ ಅಳತೆ ಹಿಡಿಯುತ್ತೆ. ಕಣ್ಣು ಹಂಗಲ್ಲ. ಬಿಳಿ, ಬೂದಿಯಲ್ಲಿ ಚೂರು ಆಚೀಚೆ ಆದ್ರೂ ಕಂಡುಹಿಡಿಯುತ್ತೆ. ಕಡು ಕೆಂಪಿನಲ್ಲಿ ಅಷ್ಟು ವ್ಯತ್ಯಾಸ ಅದಕ್ಕೆ ಕಾಣೋದೇ ಇಲ್ಲ. ಹೊಸ ಸೂತ್ರದಲ್ಲಿ ನೋಡಿ."

ಸೆಟ್ಟಿಂಗ್ ಬದಲಿಸಿದಳು. 0.8.

ಭೈರೇಶ ಅಂಕಿಯನ್ನೇ ನೋಡುತ್ತ ಕುಳಿತ. "ಗೆದ್ದಿದ್ನಾ ನನ್ಮಗ?"

"ಗೆದ್ದಿದ್ರು. ನನ್ನ ಕೇಳಿದ್ರೆ ಹೇಳ್ತಿದ್ದೆ..." ಅವಳು ಮೀಟರು ಆರಿಸಿದಳು. "ಭಾನುವಾರ ಎಲ್ಲಿಗೆ ಹೋಗ್ತೀರಿ ಅಂತ ಜಗಳ ಆಡ್ತಿದ್ದೆ ನಾನು. ನಿಮ್ಮನ್ನೂ ಸುಮ್ಸುಮ್ನೆ ಬೈದೆ."

"ಬಿಡಿ ಅತ್ತಿಗೆ. ಮನೇಲಿ ಅಮ್ಮ ಇದನ್ನ ಉಡೋಕೆ ಬಿಡ್ತಾರಾ?"

"ಬಿಳಿ ಉಟ್ರೆ ಬೀದಿಯೆಲ್ಲ ನನ್ನ ಅಳೆಯುತ್ತೆ. ಇದ್ರಲ್ಲಿ ಅಳೀಲಿ, ನೋಡೋಣ."

ಅವನು ಕಣ್ಣೊರೆಸಿಕೊಂಡು ನಕ್ಕ. "ಮೀಟರ್ ನೀವೇ ಇಟ್ಕೊಳ್ಳಿ. ಅವನ ನೆನಪಿಗೆ."

ಮಾಲವಿಕಾ ಅದನ್ನು ಅವನ ಮೇಜಿನ ಮೇಲಿಟ್ಟಳು.

"ಬೇಡ. ಅವರು ನಿಮ್ಮಿಂದ ಎರವಲು ತಂದಿದ್ದು ಇದು. ಸೀರೆ ನಂದು."