ನೂರ ಆರು ಬಂದ ದಿನ

"ನೂರ ಆರು!" ಪರ್ಮಾದಿ ಹಾಸಿಗೆಯಿಂದಲೇ ರಿಪೋರ್ಟ್ ಎತ್ತಿ ಬೀಸಿದ. "ನೋಡು ಕಿನಾಸಿ, ಸಕ್ಕರೆ ನೂರ ಆರು. ಇನ್ನು ಡಾಕ್ಟರು ಗರಗಸ ಒಳಗಿಡಬಹುದು."

ಕಿನಾಸಿಗೆ ನಗು ಬರಲಿಲ್ಲ. ಚಾದರದಡಿ ಅವನ ಬಲಗಾಲಿನ ಬೆರಳುಗಳು ಕಪ್ಪಾಗಿದ್ದವು. ವಾಸನೆ ಬಾಗಿಲವರೆಗೂ ಬರುತ್ತಿತ್ತು. ನಾಳೆ ಬೆಳಿಗ್ಗೆ ಮೊಣಕಾಲ ಕೆಳಗೆ ಕತ್ತರಿಸಬೇಕು, ಇಲ್ಲದಿದ್ದರೆ ಜೀವಕ್ಕೇ ಕುತ್ತು ಎಂದಿದ್ದರು. ಇವನು ಒಲ್ಲೆನೆಂದು ಹಟ ಹಿಡಿದಿದ್ದ.

ಜಾವಾದ ಸೋಲೋ ಊರಿನ ಇದೇ ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ ಹೊಕ್ಕುಳಬಳ್ಳಿಗಳನ್ನು ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ತರುತ್ತಿದ್ದವನು ಅವನು. ಅವುಗಳ ರಕ್ತನಾಳದ ಜೀವಕೋಶಗಳನ್ನು ಬಿಡಿಸಿ ಬೆಳೆಸುತ್ತಿದ್ದವಳು ಅವಳು. ಎರಡು ವರ್ಷ, ಸಂಜೆಯಾದರೆ ಗೇಟಿನೆದುರಿನ ಗಾಡಿಯಲ್ಲಿ ಇಬ್ಬರಿಗೂ ಟೀ. "ಇವರಿಗೆ ಸಿಹಿ ಜಾಸ್ತಿ ಇರಲಿ" ಎಂದು ಅವಳೇ ಹೇಳುತ್ತಿದ್ದಳು. ಅವಳು ಕೈಯಾರೆ ಕೊಟ್ಟ ಲೋಟವನ್ನು ಬೇಡವೆನ್ನಲಾಗದೆ, ಸಕ್ಕರೆ ಕಾಯಿಲೆ ಇದೆಯೆಂದು ಬಾಯಿ ಬಿಡದೆ, ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುತ್ತ ಕುಡಿಯುತ್ತಿದ್ದ ಈ ಮಹಾರಾಯ. ಹಗಲೆಲ್ಲ ಜೀವಕೋಶಗಳಿಗೆ ಸಕ್ಕರೆ ಸುರಿದು ಅವು ಕೆಡುವುದನ್ನು ಅಳೆಯುತ್ತಿದ್ದವಳು ಸಂಜೆ ಇವನಿಗೂ ಅದನ್ನೇ ಮಾಡಿದಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

"ಐದು ತಿಂಗಳಿಂದ ಬಾಯಿ ಕಟ್ಟಿದ್ದೀನಿ. ಸಕ್ಕರೆ ಇಳಿದ ಮೇಲೆ ಕಾಲು ಯಾಕೆ ವಾಸಿ ಆಗಲ್ಲ? ನೀನೇ ಹೇಳು."

ಅವಳು ಹಾಸಿಗೆಯ ಅಂಚಿನಲ್ಲಿ ಕೂತು, ಎಂದಿನಂತೆ ಗೌರವದಿಂದ 'ಮಾಸ್' ಎಂದೇ ಕರೆದಳು. "ರಕ್ತನಾಳದ ಒಳಗೋಡೆಯ ಜೀವಕೋಶ ಪಕ್ಕದ ಸ್ನಾಯುವಿಗೆ 'ಸಡಿಲ ಆಗು, ರಕ್ತ ಹೋಗಲಿ' ಅಂತ ಹೇಳಿ ಕಳಿಸ್ಬೇಕು, ಮಾಸ್ ಪರ್ಮಾದಿ. ಸಕ್ಕರೆ ಏರಿದ್ರೆ ಆ ಸಂದೇಶ ಕಮ್ಮಿ ಆಗ್ತಾ ಹೋಗುತ್ತೆ. ನಾನು ಲ್ಯಾಬಲ್ಲಿ ಆ ಜೀವಕೋಶಗಳನ್ನ ಎರಡು ವಾರ ಸಕ್ಕರೇಲಿಟ್ಟು, ಆಮೇಲೆ ಸಕ್ಕರೆ ಇಳಿಸಿ ನೋಡ್ದೆ."

"ಸರಿಹೋಯ್ತು ತಾನೆ?"

"ಇಲ್ಲ. ಸಕ್ಕರೆ ಹೋದ್ರೂ ಅವು ಮರೀಲಿಲ್ಲ. ಸಂದೇಶ ಮೊದಲಿನ ಹಾಗೆ ಬರ್ಲೇ ಇಲ್ಲ." ಅವಳು ಚಾದರದ ಅಂಚು ಸರಿಸಿದಳು. "ಈ ಬೆರಳುಗಳು ಸತ್ತಿವೆ. ಸುಳ್ಳು ಹೇಳಿ ನಿಮ್ಮನ್ನ ಕಳ್ಕೊಳ್ಳೋಕೆ ನನ್ನಿಂದಾಗಲ್ಲ."

ಅವನು ರಿಪೋರ್ಟನ್ನು ಮಡಚುತ್ತ ಕೇಳಿದ: "ಹಾಗಾದ್ರೆ ನೂರ ಆರು ದಂಡಾನಾ?"

"ಎಡಗಾಲಿಗೆ ಬೇಕು. ಕಣ್ಣಿಗೆ ಬೇಕು. ನನಗೆ ಬೇಕು."

"ಕಣ್ಣು ಯಾಕೆ, ನಿನ್ನ ನೋಡ್ತಾ ಕೂರೋಕಾ?" ಎಂದು ನಗಲು ಹೋಗಿ ಅತ್ತುಬಿಟ್ಟ. ಅಳುತ್ತಲೇ ಒಪ್ಪಿಗೆಗೆ ಸಹಿ ಹಾಕಿದ.

ನರ್ಸ್ ಇನ್ನೊಂದು ಕಾಗದ ತಂದಳು. ಕತ್ತರಿಸಿದ ಕಾಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಡುತ್ತಾರೆ. ಊರಿನ ಪದ್ಧತಿಯಂತೆ ಮನೆಯವರು ಒಯ್ದು ಮಣ್ಣು ಮಾಡಬೇಕು. ಪರ್ಮಾದಿಗೆ ಮನೆಯವರೆಂದು ಯಾರೂ ಇರಲಿಲ್ಲ. ಅವನು ಗೋಡೆಯತ್ತ ಮುಖ ತಿರುಗಿಸಿದ.

ಕಿನಾಸಿ ಪೆನ್ನು ತೆಗೆದುಕೊಂಡಳು.

"ಸಂಬಂಧ ಏನಂತ ಬರೀತೀರ?" ನರ್ಸ್ ಕೇಳಿದಳು.

"ಹೆಂಡತಿ."

"ಏಯ್," ಪರ್ಮಾದಿ ತಟ್ಟನೆ ತಿರುಗಿದ, "ಮದುವೆ ಯಾವಾಗ ಆಯ್ತು?"

ಅವಳು ಬರೆಯುತ್ತಲೇ ಇದ್ದಳು. "ನಾಳೆ ನಿಮ್ಮ ಕಾಲು ಮಣ್ಣು ಮಾಡಿ ಬರ್ತೀನಿ. ಆಮೇಲೆ ಉಳಿದಿರೋ ನಿಮ್ಮನ್ನೆಲ್ಲ ಮದುವೆ ಆಗ್ತೀನಿ."